ಮೂರು ಸಲ ಟಾರ್ಚ್ ಬಿಟ್ಟಿದ್ದರು

ಶನಿವಾರ ರಾತ್ರಿ ಕಂಡ ಒಂದು ದೃಶ್ಯ ಕಣ್ಣಿಂದ ಹೋಗುತ್ತಲೇ ಇಲ್ಲ. ಸಣ್ಣ ದೋಣಿಯಲ್ಲಿ ಕೂತ ಒಬ್ಬ ಅಜ್ಜ, ಹುಟ್ಟು ಬಿಟ್ಟು ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡಿದ್ದಾರೆ. ಅವರ ಬನಿಯನ್ನಿನ ತೂತು ಕಾಣುವಷ್ಟು ಹತ್ತಿರ.

ಗಂಗೊಳ್ಳಿ ಅಳಿವೆಯ ಒಳಗೆ ಬಲೆ ಎತ್ತಿಕೊಂಡು ವಾಪಸ್ ಬರುತ್ತಿದ್ದೆವು. ಭಾವನ 20 ಅಡಿಯ ಫೈಬರ್ ದೋಣಿ. ಅದರ ಮುಂದಿನ ತುದಿಗೆ 50 ವ್ಯಾಟಿನ ಎಲ್‌ಇಡಿ ಫ್ಲಡ್‌ಲೈಟ್ ಕಟ್ಟಿದ್ದು ನಾನೇ, ಅವತ್ತು ಬೆಳಿಗ್ಗೆ. ಅಂಗಡಿಯವನು "ಇದು ಹಾಕಿದ್ರೆ ರಾತ್ರಿ ಹಗಲಾಗುತ್ತೆ" ಅಂದಿದ್ದ. ನಾನು ನಂಬಿದೆ. ಆದರೆ ಬೆಳಕು ಮೊದಲು ಬಿದ್ದಿದ್ದು ನಮ್ಮದೇ ದೋಣಿಯ ಬಿಳಿ ಅಂಚಿನ ಮೇಲೆ, ಅಲ್ಲಿಂದ ನೇರ ನಮ್ಮ ಕಣ್ಣಿಗೆ. ಅದರಾಚೆ ಬರೀ ಕಪ್ಪು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಅದನ್ನು ಕೆಡಿಸಲು ಒಂದು ಕ್ಷಣ ಸಾಕು.

ಭಾವ ಇಂಜಿನ್ ಹ್ಯಾಂಡಲ್ ತಿರುಗಿಸಿದ್ದಕ್ಕೆ ಅಜ್ಜನ ದೋಣಿಗೆ ಡಿಕ್ಕಿ ಎರಡು ಮಾರು ಅಂತರದಲ್ಲಿ ತಪ್ಪಿತು. ಮೊದಲು ಬೈದಿದ್ದೂ ಅವರೇ, "ಲೈಟಿಲ್ದೆ ಎಂತಕ್ಕೆ ಬಪ್ಪುದ್ ಮಾರಾಯ್ರೆ?" ಅಜ್ಜ ತಿರುಗಿ ಬೈಯಲಿಲ್ಲ. "ಮೂರ್ ಸಲ ಟಾರ್ಚ್ ಬಿಟ್ಟೆ ಮಗಾ, ನಿಮ್ಗೆ ಕಾಣ್ಲಿಲ್ಯಾ?" ಅಂದರು ಅಷ್ಟೇ.

ಭಾವ ಒಳ್ಳೆಯವರು, ಬಾಯಿ ಮಾತ್ರ ಜೋರು. ಆದರೆ ಅವತ್ತು ಅಜ್ಜನ ಮೇಲೆ ರೇಗಿದ್ದು ಪೂರ್ತಿ ತಪ್ಪು. ಸಮುದ್ರ ಸಂಚಾರದ 1972ರ ಅಂತರರಾಷ್ಟ್ರೀಯ ನಿಯಮದಲ್ಲಿ ಹುಟ್ಟು ಹಾಕುವ ದೋಣಿಗೆ ಒಂದು ಟಾರ್ಚ್ ಕೈಯಲ್ಲಿದ್ದು, ಡಿಕ್ಕಿ ತಪ್ಪಿಸುವಷ್ಟು ಮೊದಲೇ ಅದನ್ನು ತೋರಿಸಿದರೆ ಸಾಕು. ಅಜ್ಜ ಮಾಡಿದ್ದು ಅದನ್ನೇ. ನಿಯಮ ತಪ್ಪಿದ್ದು ನಾವು. ಇಂಜಿನ್ ದೋಣಿಗೆ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಮೇಲೆ ಸುತ್ತಲೂ ಕಾಣುವ ಒಂದು ಬಿಳಿ ದೀಪ ಬೇಕು. ನಮ್ಮಲ್ಲಿ ಒಂದೂ ಇರಲಿಲ್ಲ.

ದೋಣಿಯ ದೀಪ ನಾವು ನೋಡೋದಕ್ಕಲ್ಲ, ಬೇರೆಯವರು ನಮ್ಮನ್ನು ನೋಡೋದಕ್ಕೆ. ಇಷ್ಟು ಸರಳ ವಿಷಯ ನನಗೆ ಯಾಕೆ ಹೊಳೆಯಲಿಲ್ಲ ಅಂತ ವಾರವಿಡೀ ಯೋಚಿಸಿದ್ದೇನೆ. ಹೆದ್ದಾರಿಯಲ್ಲಿ ಎದುರಿನ ಕಾರಿನವನು ಹೈಬೀಮ್ ಹಾಕಿ ಬಂದಾಗ ಎಷ್ಟು ಬೈಯುತ್ತೇನೆ! ಅವನಿಗೆ ತನ್ನ ದಾರಿ ಕಂಡರೆ ಆಯಿತು. ನಾನು ನೀರಿನ ಮೇಲೆ ಮಾಡಿದ್ದೂ ಅದೇ, ಅದೂ ಬ್ರೇಕಿಲ್ಲದ ಜಾಗದಲ್ಲಿ.

ಮಂಗಳವಾರ ರಜೆ ಹಾಕಿ ಕೂತೆ. ಫ್ಲಡ್‌ಲೈಟ್ ಬಿಚ್ಚಿದೆ. ಕೆಂಪು, ಹಸಿರು ದೀಪಗಳನ್ನು ಮುಂದೆ ಕೂರಿಸಿದೆ. ಒಂದೊಂದೂ ನೇರ ಮುಂದಿನಿಂದ ಶುರುವಾಗಿ ಪಕ್ಕ ದಾಟಿ ಸ್ವಲ್ಪ ಹಿಂದಿನವರೆಗೆ, 112.5 ಡಿಗ್ರಿ ಮಾತ್ರ ಕಾಣಬೇಕು. ಸ್ವಲ್ಪ ಓರೆ ಕೂತರೂ ಎದುರಿನವರಿಗೆ ನಾವು ಯಾವ ಕಡೆ ಹೋಗುತ್ತಿದ್ದೇವೆ ಅನ್ನೋದೇ ತಪ್ಪಾಗಿ ಕಾಣುತ್ತೆ. ಅದಕ್ಕೇ ದೋಣಿಯ ನಡುವೆ ಉದ್ದಕ್ಕೆ ದಾರ ಕಟ್ಟಿ ಅಳತೆ ನೋಡಿದೆ. ಬಿಳಿ ದೀಪ ಹಿಂದೆ, ಸ್ಟೀಲ್ ಪೈಪಿನ ತುದಿಗೆ. ಅದು ಕೆಂಪು ಹಸಿರಿಗಿಂತ ಕನಿಷ್ಠ 1 ಮೀಟರ್ ಮೇಲಿರಬೇಕು. ಭಾವ ಎದ್ದು ನಿಂತರೂ ತಲೆ ಅಡ್ಡ ಬರದಷ್ಟು ಎತ್ತರ ಇಟ್ಟೆ. ದೀಪದ ಕೆಳಗೆ ಕಪ್ಪು ಬಣ್ಣ ಬಳಿದ ಒಂದು ದುಂಡು ತಗಡು, ಬೆಳಕು ದೋಣಿಯೊಳಗೆ ಬೀಳದಿರಲಿ ಅಂತ. ಬ್ಯಾಟರಿ ಪಕ್ಕದಲ್ಲೇ ಫ್ಯೂಸ್. ಜಾಯಿಂಟಿಗೆ ಸುಮ್ನೆ ಟೇಪ್ ಸುತ್ತಿದರೆ ಉಪ್ಪು ಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿದು ಪುಡಿಯಾಗುತ್ತೆ. ಬೆಸುಗೆ ಹಾಕಿ, ಬಿಸಿಗೆ ಮುದುಡುವ ಟ್ಯೂಬ್ ಹಾಕಿದೆ. ಖರ್ಚು ಫ್ಲಡ್‌ಲೈಟಿಗಿಂತ ಜಾಸ್ತಿ ಆಯಿತು, ಆಗಲಿ.

ನಿನ್ನೆ ಸಂಜೆ ಭಾವ ತಾವೇ ಅಜ್ಜನ ಮನೆಗೆ ಹೋಗಿ ಕರೆದುಕೊಂಡು ಬಂದರು. ಏನು ಮಾತಾಡಿದರೋ ಗೊತ್ತಿಲ್ಲ, ನಾನೂ ಕೇಳಲಿಲ್ಲ. ಕತ್ತಲಾದ ಮೇಲೆ ಅಜ್ಜನನ್ನು ದಡದಲ್ಲಿ ನಿಲ್ಲಿಸಿ ನಾವು ದೋಣಿ ತೆಗೆದುಕೊಂಡು ದೂರ ಹೋದೆವು. ದೋಣಿ ಅಡ್ಡ ನಿಲ್ಲಿಸಿ ಭಾವ ಫೋನ್ ಮಾಡಿದರು, "ಈಗ ಎಂತ ಕಾಣ್ತದೆ?"

"ಕೆಂಪು."

ತಿರುಗಿಸಿದೆವು. "ಈಗ?"

"ಎರಡೂ. ನೆಟ್ಟಗೆ ನನ್ನ ಕಡೆಗೇ ಬರ್ತಾ ಇದ್ರಿ ನೀವು."

ಆಮೇಲೆ ನಾನು ಫೋನ್ ತೆಗೆದುಕೊಂಡು, "ಅಜ್ಜ, ಒಂದ್ಸಲ ಟಾರ್ಚ್ ಬಿಡಿ" ಅಂದೆ. ದಡದ ಕತ್ತಲೆಯಲ್ಲಿ ಸಣ್ಣ ಹಳದಿ ಚುಕ್ಕಿ ಹತ್ತಿತು. ಇಬ್ಬರಿಗೂ ಕಂಡಿತು.