ಹಳೆಯ ಗೇಮ್ ಡಿಸ್ಕುಗಳನ್ನು ಸಿಎಚ್‌ಡಿಗೆ ಇಳಿಸಿದ ಬಗೆ

ತುಮಕೂರಿನ ಬಟವಾಡಿಯಲ್ಲಿರುವ ನಮ್ಮ ಮನೆಯ ಅಟ್ಟದಿಂದ ಕಳೆದ ಬೇಸಿಗೆಯಲ್ಲಿ ಟ್ರಂಕೊಂದನ್ನು ಇಳಿಸಿದಾಗ, ಅಣ್ಣನೂ ನಾನೂ ಚಿಕ್ಕಂದಿನಲ್ಲಿ ಆಡುತ್ತಿದ್ದ ಮೊದಲ ಪ್ಲೇಸ್ಟೇಷನ್‌ನ ಹನ್ನೊಂದು ಡಿಸ್ಕುಗಳು, ತಳದ ಕಪ್ಪು ಬಣ್ಣ ಮಾಸದೆ, ಸಿಕ್ಕವು. ಗೀರು ಬಿದ್ದಿದ್ದ ಎರಡನ್ನು ಬಿಟ್ಟು ಉಳಿದವನ್ನು ಕಂಪ್ಯೂಟರಿಗೆ ಬಿನ್ (ಡಿಸ್ಕಿನ ದತ್ತಾಂಶ) ಮತ್ತು ಕ್ಯೂ (ಯಾವ ಬಿನ್, ಅದರಲ್ಲಿ ಯಾವ ಟ್ರ್ಯಾಕು ಎಲ್ಲಿದೆ ಎಂದು ಹೇಳುವ ಪಟ್ಟಿ) ಕಡತಗಳಾಗಿ ಇಳಿಸಿಕೊಂಡೆ.

ಜಾಗ ಉಳಿಸಲು ಇವನ್ನು ಸಿಎಚ್‌ಡಿ ಎಂಬ ಒತ್ತಿದ ಕಡತದ ರೂಪಕ್ಕೆ ಬದಲಿಸಹೊರಟಾಗ, ಜಿಪ್ ಮಾಡಿದರೆ ಸಾಲದೇ ಎಂದು ಅಣ್ಣ ಕೇಳಿದ. ನಮ್ಮ ಕಡೆಯ ಹಳೆಯ ರಾಗಿ ಹಗೇವನ್ನು ನೆನೆದರೆ ಉತ್ತರ ಸಿಗುತ್ತದೆ: ಒಮ್ಮೆ ಬಾಯಿ ತೆರೆದರೆ ಎಲ್ಲವನ್ನೂ ಹೊರಗೆ ತೆಗೆಯಬೇಕು. ಹಳೆಯ ಯಂತ್ರವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಆಟ ನಡೆಸುವ ಎಮ್ಯುಲೇಟರಿಗಾದರೋ ಡಿಸ್ಕಿನ ಯಾವ ಮೂಲೆಯದಾದರೂ ಆ ಕ್ಷಣಕ್ಕೆ ಬೇಕಾಗುತ್ತದೆ. ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳ ಹಾರ್ಡ್ ಡಿಸ್ಕ್‌ಗಳಿಗಾಗಿ ಅವುಗಳ ಎಮ್ಯುಲೇಟರಾದ ಮೇಮ್ ಯೋಜನೆಯಲ್ಲಿ ಹುಟ್ಟಿದ ಸಿಎಚ್‌ಡಿ, ದತ್ತಾಂಶವನ್ನು ಸಣ್ಣ ತುಣುಕುಗಳಾಗಿ ಒಡೆದು ಒಂದೊಂದನ್ನೂ ಬೇರೆಬೇರೆಯಾಗಿ ಒತ್ತಿಡುವುದರಿಂದ, ಬೇಕಾದ ತುಣುಕನ್ನಷ್ಟೇ ಬಿಚ್ಚಿದರೆ ಸಾಕು.

ಸಿ.ಡಿ.ಯ ಒಂದು ಸೆಕ್ಟರಿನಲ್ಲಿ, ಎಂದರೆ ದತ್ತಾಂಶದ ಒಂದು ಖಂಡದಲ್ಲಿ, 2352 ಬೈಟ್‌ಗಳಿದ್ದರೂ, ಸಾಮಾನ್ಯವಾಗಿ ಆಟದ ಸರಕಿಗೆ ಸಲ್ಲುವುದು 2048 ಮಾತ್ರ. ಉಳಿದದ್ದರಲ್ಲಿ 276 ಬೈಟ್ ದೋಷ ತಿದ್ದುವ ಸಂಕೇತಕ್ಕೇ ಹೋಗುತ್ತದೆ. ಆ ಸಂಕೇತವನ್ನು ಸರಕಿನಿಂದಲೇ ಮತ್ತೆ ಲೆಕ್ಕಹಾಕಬಹುದಾದ್ದರಿಂದ ಸಿಎಚ್‌ಡಿ ಅದನ್ನು ಕೈಬಿಡುತ್ತದೆ, ಸಂಗೀತದ ಟ್ರ್ಯಾಕುಗಳನ್ನು ಫ್ಲ್ಯಾಕ್ ಎಂಬ ನಷ್ಟವಿಲ್ಲದ ಧ್ವನಿ ರೂಪದಲ್ಲಿ ಒತ್ತುತ್ತದೆ. ಇಷ್ಟಾದರೂ ಮೂಲದ ಒಂದು ಬಿಟ್ ಕೂಡ ಕಳೆಯುವುದಿಲ್ಲ.

ಪರಿವರ್ತಿಸುವ ತಂತ್ರಾಂಶವಾದ ಸಿಎಚ್‌ಡಿಮ್ಯಾನ್ ಮೊದಲ ದಿನವೇ ಮುಷ್ಕರ ಹೂಡಿತು. ತಪ್ಪು ನನ್ನದೇ. ನೋಡಲು ಚೆಂದವೆಂದು ಬಿನ್ ಕಡತಕ್ಕೆ ‘ಅಣ್ಣನ ಕಾರು’ ಎಂದು ಹೆಸರಿಟ್ಟಿದ್ದೆ. ನೋಟ್‌ಪ್ಯಾಡಿನಲ್ಲಿ ಕ್ಯೂ ಕಡತವನ್ನು ತೆರೆದು ನೋಡಿದರೆ ಅದರ ಮೊದಲ ಸಾಲು ಇನ್ನೂ ಹಳೆಯ ಹೆಸರನ್ನೇ ಹಿಡಿದು ಕೂತಿತ್ತು.

ಇದಕ್ಕಿಂತ ದೊಡ್ಡ ಪೆಟ್ಟು ನಾಲ್ಕನೆಯ ಡಿಸ್ಕಿನಲ್ಲಿ ಬಿತ್ತು. ಪರಿವರ್ತನೆಯ ನಡುವೆ ಕರೆಂಟು ಹೋಯಿತು. ಮರುದಿನ ಫೋಲ್ಡರಿನಲ್ಲಿ ಸಿಎಚ್‌ಡಿ ಕಡತ ಕಂಡದ್ದೇ ಕೆಲಸ ಮುಗಿದಿದೆಯೆಂದು ಬಿನ್ ಅಳಿಸಿಬಿಟ್ಟೆ; ಉಳಿದದ್ದು ಅರೆಬೆಂದ ಕಡತ. ಡಿಸ್ಕನ್ನು ಮೊದಲಿನಿಂದ ಓದಿಸಬೇಕಾಯಿತು. ಆಮೇಲೆ ಪ್ರತಿಯೊಂದಕ್ಕೂ ವೆರಿಫೈ ಆದೇಶ ಕೊಟ್ಟು, ಕಡತದೊಳಗೇ ಇರುವ ಶಾ-1 ಮೊತ್ತ (ದತ್ತಾಂಶದಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಸಂಖ್ಯೆ) ತಾಳೆಯಾಗುವುದನ್ನು ಕಂಡ ಮೇಲಷ್ಟೇ ಬಿನ್‌ಗೆ ಕೈ ಹಚ್ಚಿದೆ. ಅಣ್ಣನ ಸಂಶಯ ಅಷ್ಟಕ್ಕೂ ತೀರದಿದ್ದಾಗ, ಒಂದೇ ಟ್ರ್ಯಾಕಿನ ಆಟವೊಂದನ್ನು ಎಕ್ಸ್‌ಟ್ರಾಕ್ಟ್‌ಸಿಡಿ ಆದೇಶದ ಮೂಲಕ ಮರಳಿ ಬಿಚ್ಚಿ, ಮೂಲದ ಬಿನ್ ಜೊತೆ ಹೋಲಿಸಿ ತೋರಿಸಿದೆ. ಒಂದು ಬೈಟೂ ಬೇರೆಯಾಗಿರಲಿಲ್ಲ.