ಒಲೆ ಹಚ್ಚದೆ ಒಂದು ಸೂಪ್

ಇವತ್ತು ಎಳೆ ಸೌತೆಕಾಯಿ ಹಸಿಯಾಗಿಯೇ ರುಬ್ಬಿ ಸೂಪ್ ಮಾಡಿದೆ. ಮಗಳು 2 ಲೋಟ ಕುಡಿದಳು!

ಹೋದ ವಾರ ಅವಳು ಮುಟ್ಟಿರಲಿಲ್ಲ. ನೀರು ಒಂದು ಕಡೆ, ತಿರುಳು ಒಂದು ಕಡೆ ಆಗಿತ್ತು. ಈ ಸಲ ಕಾಲು ಕಪ್ ತೆಂಗಿನತುರಿ, ಅರ್ಧ ಚಮಚ ಜೀರಿಗೆ, 4 ಕಾಳುಮೆಣಸನ್ನು ಸ್ವಲ್ಪ ಮಜ್ಜಿಗೆ ಹಾಕಿ ಮೊದಲು ನುಣ್ಣಗೆ ರುಬ್ಬಿಕೊಂಡೆ. ಆಮೇಲೆ 2 ಸೌತೆಕಾಯಿ ಸೇರಿಸಿದೆ. ನೀರು ಹಾಕಲೇ ಇಲ್ಲ. ಸೌತೆಕಾಯಲ್ಲಿ ನೂರಕ್ಕೆ 95ರಷ್ಟು ನೀರೇ ಅಲ್ವಾ? ಮಿಕ್ಸಿ ಜಾಸ್ತಿ ಹೊತ್ತು ಓಡಿದರೆ ಬಿಸಿಯಾಗಿ ಹಸಿ ಪರಿಮಳ ಹೋಗುತ್ತದೆ, ಅದಕ್ಕೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿದೆ. ಉಳಿದ ಮಜ್ಜಿಗೆ ಬೆರೆಸಿ ಫ್ರಿಜ್‌ನಲ್ಲಿಟ್ಟೆ. ಉಪ್ಪು ಹಾಕಿದ್ದು ಬಡಿಸುವಾಗ. ಮೇಲೆ ಒಂದಿಷ್ಟು ದಾಳಿಂಬೆ ಕಾಳು. ತಿಳಿಹಸಿರಿನ ಮೇಲೆ ಆ ಕೆಂಪು ಎಷ್ಟು ಚೆಂದ ಕಾಣುತ್ತಿತ್ತು!

ಕುಡಿಯುತ್ತಾ ಅನಿಸಿತು, ಇದು ನಮ್ಮ ತಂಬುಳಿಯೇ. ಮಲೆನಾಡಲ್ಲಿ ಅಜ್ಜಿ ಹಸಿ ಒಂದೆಲಗ ರುಬ್ಬಿ, ಮಜ್ಜಿಗೆ ಬೆರೆಸಿ ಕೊಡುತ್ತಿದ್ದರು. ಅನ್ನಕ್ಕೆ ಕಲಸಿಕೊಂಡು ಉಳಿದದ್ದನ್ನು ಸುಮ್ನೆ ಕುಡಿಯುತ್ತಿದ್ದೆವು. ಸ್ಪೇನ್‌ನ ಆಂಡಲೂಸಿಯಾದಲ್ಲೂ ಬೇಸಿಗೆಗೆ ಹಸಿ ಟೊಮೆಟೊ, ಸೌತೆಕಾಯಿ, ದೊಣ್ಣೆಮೆಣಸು, ಬೆಳ್ಳುಳ್ಳಿ ರುಬ್ಬಿ ಗಸ್ಪಾಚೊ ಮಾಡುತ್ತಾರೆ. ಬಿಸಿಲಿಗೆ ಅವರ ಅಜ್ಜಿಯರಿಗೂ ಇದೇ ಹೊಳೆದಿರಬೇಕು. ಯೋಚಿಸಿದರೆ ಖುಷಿಯಾಗುತ್ತದೆ.

ಹಾಂ, ರುಬ್ಬುವ ಮೊದಲು ಸೌತೆಕಾಯಿಯ ಒಂದು ಚೂರು ತಿಂದು ನೋಡಿ. ಕಹಿ ಇದ್ದರೆ ಬೇಡವೇ ಬೇಡ.

ನಾಳೆ ಒಂದೆಲಗ ಹುಡುಕಬೇಕು.