ಮೆಟ್ಟುಗತ್ತಿಯ ಎದುರು ಮಿದುಳಿನ ಮಾತು

ಕೊನೆಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿಯ ಮನೆಗೆ ಹೋದಾಗ, ಮೆಟ್ಟುಗತ್ತಿಯ ಮುಂದೆ ಅಡಿಕೆ ಸುಲಿಯುತ್ತಿದ್ದ ದೊಡ್ಡಮ್ಮ, "ಡಾಕ್ಟರೇಟ್ ಆದರೂ ಓದು ಮುಗಿಯಲಿಲ್ಲವೇನೋ?" ಎಂದು ಕೇಳಿದರು. ಪೋಸ್ಟ್‌ಡಾಕ್ ಎಂಬುದು ಓದೂ ಅಲ್ಲ, ಕಾಯಂ ನೌಕರಿಯೂ ಅಲ್ಲ. ಅನುದಾನ ಇರುವಷ್ಟು ಕಾಲದ ಸಂಶೋಧನೆ. ಅದನ್ನು ವಿವರಿಸುವುದಕ್ಕಿಂತ ಮಾಡುವ ಕೆಲಸವನ್ನೇ ಹೇಳುವುದು ಸುಲಭವೆನಿಸಿತು.

ನೆತ್ತಿಯ ಮೇಲೆ ಎಲೆಕ್ಟ್ರೋಡುಗಳನ್ನಿಟ್ಟು ಮಿದುಳಿನ ವಿದ್ಯುತ್ ಏರಿಳಿತವನ್ನು ದಾಖಲಿಸುವ ಇಇಜಿ ವಿಧಾನವನ್ನು ಮನುಷ್ಯರ ಮೇಲೆ ಮೊದಲು ಪ್ರಯೋಗಿಸಿದವರು ಜರ್ಮನಿಯ ಹಾನ್ಸ್ ಬರ್ಗರ್, 1924ರಲ್ಲಿ. "ಅಮ್ಮ ಕಾಫಿಗೆ ಗೊಬ್ಬರ ಬೆರೆಸಿದಳು" ಎಂಬ ವಾಕ್ಯದಲ್ಲಿ "ಗೊಬ್ಬರ" ಎಂಬ ಪದ ಕಂಡ ಸುಮಾರು 400 ಮಿಲಿಸೆಕೆಂಡುಗಳ ಹೊತ್ತಿಗೆ, "ಹಾಲು" ಎಂದಿದ್ದರೆ ಕಾಣುತ್ತಿದ್ದುದಕ್ಕಿಂತ ದೊಡ್ಡದಾದ ಋಣಾತ್ಮಕ (ನೆಗೆಟಿವ್) ವಿದ್ಯುತ್ ಅಲೆಯೊಂದು ಏಳುತ್ತದೆ. ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್ಯಾರ್ಡ್ 1980ರಲ್ಲಿ ವರದಿ ಮಾಡಿದ ಇದನ್ನು ಎನ್400 ಎನ್ನುತ್ತಾರೆ.

ಈ ಅಲೆಯ ವ್ಯತ್ಯಾಸ ಕೆಲವೇ ಮೈಕ್ರೋವೋಲ್ಟ್. ಕಣ್ಣು ಮಿಟುಕಿಸಿದರೆ ಅದರ ಹತ್ತಾರು ಪಟ್ಟು ದೊಡ್ಡ ಗದ್ದಲ. ಆದ್ದರಿಂದ ಹತ್ತಾರು ವಾಕ್ಯಗಳ ದಾಖಲೆಯನ್ನು ಸರಾಸರಿ ಮಾಡಬೇಕು, ಕೆಟ್ಟ ತುಣುಕುಗಳನ್ನು ಹೆಕ್ಕಿ ಎಸೆಯಬೇಕು; ನಿಜ ಹೇಳುವುದಾದರೆ, ನನ್ನ ದಿನಗಳು ಹೆಚ್ಚಾಗಿ ಕಳೆಯುವುದು ಈ ಹೆಕ್ಕುವುದರಲ್ಲೇ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುವುದರಿಂದ, ಅದು ಬರುವ ಮುನ್ನವೇ ಓದುಗನ ಮಿದುಳು ಎಷ್ಟನ್ನು ಊಹಿಸಿರುತ್ತದೆ ಎಂಬುದೇ ನನ್ನ ಪ್ರಶ್ನೆ.

ದೊಡ್ಡಮ್ಮ ಸುಲಿದ ಅಡಿಕೆಯನ್ನು ಬುಟ್ಟಿಗೆ ಹಾಕುತ್ತ, "ಗೊಬ್ಬರ ಎಂದಾಗ ನನಗೂ ಗಕ್ಕನೆ ಅನಿಸಿತು ನೋಡು" ಎಂದರು.